ಡಿಪಾಜಿಟ್ ಕರಗುವ ನಾಲ್ಕು ತಿಂಗಳು

(ಮುಂಬೈಯ ಪೂರ್ವ ಉಪನಗರದ ಕನ್ನಡ ಸಂಘವೊಂದರ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತುಗಳು. ಕೇಳಿದವರು ಬರೆದುಕೊಡಿ ಎಂದದ್ದರಿಂದ ಬರೆದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗವೂ ಇದೆ.)

ಬಂಧುಗಳೇ,

2014ರ ನವೆಂಬರ್. ದೀಪಾವಳಿ ರಜೆ ಮುಗಿದು ಶಾಲೆ ಶುರುವಾಗಿ ಮೂರೋ ನಾಲ್ಕೋ ದಿನವಾಗಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಶಿಕ್ಷಕರ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಸೀರೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಎರಡು ಸುತ್ತು ರಬ್ಬರ್ ಬ್ಯಾಂಡ್. "ಟೀಚರ್, ಇದನ್ನು ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೀರಾ? ಅವ್ವ ಕೇಳು ಅಂದಳು" ಎಂದಳು. ಬಿಚ್ಚಿ ನೋಡಿದೆ. ಮನೆಯವರ ಆಧಾರ್ ಕಾರ್ಡುಗಳು, ರೇಷನ್ ಕಾರ್ಡು, ತಮ್ಮನ ಜನನ ಪತ್ರ, ಇವಳ ಹಳೆಯ ಪ್ರಗತಿ ಪತ್ರಗಳು, ಸುರುಳಿ ಸುತ್ತಿದ ಒಂದು ಎಕ್ಸ್‌ರೇ. ಅಪ್ಪನ ಕಾಲಿನದು.

ಯಾಕಮ್ಮ ಎಂದು ಕೇಳಬೇಕಾಗಿತ್ತು. ನಾನು ಪತ್ರಿಕೆ ತಿದ್ದುತ್ತಿದ್ದೆ. ಆಗಲಿ ಎಂದು ಒಳಗಿಟ್ಟು ಬೀಗ ಹಾಕಿದೆ. ಡಿಸೆಂಬರ್ ಮೊದಲ ವಾರದಿಂದ ಹುಡುಗಿ ಬರಲಿಲ್ಲ.

ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು 29 ವರ್ಷ ಪಾಠ ಹೇಳಿದ್ದೇನೆ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ನಮ್ಮದು ಅವುಗಳಲ್ಲಿ ಒಂದು. ನಮ್ಮ ಮಕ್ಕಳು ಬಹುಪಾಲು ಯಾದಗಿರಿ, ಕಲಬುರಗಿ, ವಿಜಯಪುರ, ರಾಯಚೂರು ಕಡೆಯವರು. ತಂದೆ ಸೆಂಟ್ರಿಂಗ್ ಕೆಲಸಕ್ಕೋ ಗಾರೆ ಕೆಲಸಕ್ಕೋ ಹೋಗುವವರು, ತಾಯಿ ಮೂರು ನಾಲ್ಕು ಮನೆಗಳ ಪಾತ್ರೆ ತಿಕ್ಕುವವರು. ಅಂಥ ಶಾಲೆಯಲ್ಲಿ ವರ್ಷದ ನಡುವೆ ಮಕ್ಕಳು ಮಾಯವಾಗುವುದು ಹೊಸತಲ್ಲ. ಕೇಳಿದರೆ "ಊರಿಗೆ ಹೋದರು" ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ನಾವೂ ಹಾಗೆಯೇ ಬರೆದುಕೊಳ್ಳುತ್ತೇವೆ. ಹೊಲದ ಕೆಲಸ ಇರಬೇಕು, ಜಾತ್ರೆ ಇರಬೇಕು, ಮದುವೆ ಇರಬೇಕು ಎಂದುಕೊಂಡು ಪುಟ ತಿರುಗಿಸುತ್ತೇವೆ. ಆ ಎರಡು ಮಾತಿನ ಹಿಂದೆ ಏನಿರುತ್ತದೆ ಎಂದು ನನಗೆ ತಿಳಿದದ್ದು ಮಾರ್ಚಿಯಲ್ಲಿ, ಹುಡುಗಿಯ ತಾಯಿ ಆ ಚೀಲ ತೆಗೆದುಕೊಂಡು ಹೋಗಲು ಬಂದಾಗ.

ಆಕೆ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದಳು. ಜುಲೈ ಕೊನೆಯ ವಾರ ಮಳೆಯಲ್ಲಿ ಗಂಡ ಸೈಟಿನ ಪರಾಂಚಿಯಿಂದ, ಅಂದರೆ ಕೆಲಸಕ್ಕೆ ಕಟ್ಟಿದ ಅಟ್ಟಣಿಗೆಯಿಂದ, ಜಾರಿ ಬಿದ್ದ. ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಯಿತು, ಒಳಗೆ ಹಾಕುವ ರಾಡ್ ಮಾತ್ರ ಹೊರಗಿನಿಂದ ತರಬೇಕಾಯಿತು. ಅದಕ್ಕೆ ಕೂಲಿಗೆ ಜನ ಒದಗಿಸುವ ಮುಕಾದಮನ ಹತ್ತಿರ ಸಾಲ. ಖೋಲಿಯ, ಅಂದರೆ ಒಂದೇ ಕೋಣೆಯ ಮನೆಯ, ಬಾಡಿಗೆ ತಿಂಗಳಿಗೆ 4,000 ರೂಪಾಯಿ, ಡಿಪಾಜಿಟ್ 15,000. ಆಗಸ್ಟಿನ ಬಾಡಿಗೆ ಕೊಡಲಾಗಲಿಲ್ಲ. ಮಾಲಕಿ "ಇರಲಿ, ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುತ್ತೇನೆ" ಎಂದಳು. ಸೆಪ್ಟೆಂಬರಿನದೂ ಹಾಗೆಯೇ, ಅಕ್ಟೋಬರಿನದೂ ಹಾಗೆಯೇ. ನವೆಂಬರಿಗೆ ಉಳಿದದ್ದು 3,000. ಆ ತಿಂಗಳ ಬಾಡಿಗೆಗೆ ಒಂದು ಸಾವಿರ ಕಡಿಮೆ. ಸಾಮಾನು ಹೊರಗೆ ಬಿದ್ದರೆ ಕಾಗದಪತ್ರ ಕಳೆದೀತು ಎಂದು ಚೀಲ ನನ್ನ ಕಪಾಟಿಗೆ ಬಂದದ್ದು ಆ ದಿನಗಳಲ್ಲಿ. ಡಿಸೆಂಬರ್ ಒಂದಕ್ಕೆ ಖೋಲಿ ಬಿಟ್ಟರು. ತಾಯಿ ಮಕ್ಕಳು ಯಾದಗಿರಿ ಕಡೆಯ ಹಳ್ಳಿಗೆ, ಗಂಡ ಸೈಟಿನ ತಗಡಿನ ಶೆಡ್ಡಿಗೆ. ಡಿಸೆಂಬರ್ ನಡುವಿನಲ್ಲಿ, ಅಂದರೆ ಖೋಲಿ ಹೋಗಿ ಹದಿನೈದು ದಿನಕ್ಕೆ, ಅದೇ ಬಿಲ್ಡರ್ ಅವನಿಗೆ ಕಾವಲುಗಾರನ ಕೆಲಸ ಕೊಟ್ಟ.

ಈ ಹದಿನೈದು ದಿನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳ ಬಾಡಿಗೆ 8,000 ರೂಪಾಯಿಯನ್ನು ಯಾರಾದರೂ ತುಂಬಿದ್ದರೆ ಡಿಪಾಜಿಟ್ಟಿನಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೂ ತಿಂಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ಕೈಗೆ ಕೆಲಸ ಬಂದಿತ್ತು. ಒಮ್ಮೆ ಖೋಲಿ ಬಿಟ್ಟ ಮೇಲೆ ಮತ್ತೆ ಅಂಥದ್ದೇ ಒಂದನ್ನು ಹಿಡಿಯಬೇಕೆಂದರೆ ಹೊಸ ಡಿಪಾಜಿಟ್ 15,000, ದಲಾಲನಿಗೆ ಒಂದು ತಿಂಗಳ ಬಾಡಿಗೆ 4,000, ಮೊದಲ ತಿಂಗಳದ್ದು 4,000, ಟೆಂಪೋಗೆ 2,000. ಒಟ್ಟು 25,000, ಅದೂ ಒಂದೇ ಸಲಕ್ಕೆ. ಕಾವಲುಗಾರನ ಸಂಬಳದಲ್ಲಿ ಅದು ಯಾವ ಕಾಲಕ್ಕೆ ಕೂಡೀತು? ಎಂಟು ಸಾವಿರದಲ್ಲಿ ನಿಲ್ಲುತ್ತಿದ್ದ ಮನೆ ಇಪ್ಪತ್ತೈದು ಸಾವಿರ ಕೊಟ್ಟರೂ ತಿರುಗಿ ಬರದ ಹಾಗಾಯಿತು. ಹುಡುಗಿಯ ಶಾಲೆಯ ವರ್ಷಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ, ಅದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಮನೆ ಕಳೆದುಕೊಂಡವರು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಫ್ಲೈಓವರ್ ಕೆಳಗೆ ಮಲಗಿದವರು. 2011ರ ಜನಗಣತಿ ಮುಂಬೈಯಲ್ಲಿ ಅಂಥ ಸುಮಾರು 57 ಸಾವಿರ ಮಂದಿಯನ್ನು, ಇಡೀ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಲೆಕ್ಕ ಹಿಡಿಯಿತು. ಫುಟ್‌ಪಾತು, ಪ್ಲಾಟ್‌ಫಾರ್ಮು, ದೇವಸ್ಥಾನದ ಮಂಟಪ, ದೊಡ್ಡ ಪೈಪುಗಳಲ್ಲಿ ರಾತ್ರಿ ಕಳೆಯುವವರನ್ನು ಹುಡುಕಿ ಎಣಿಸಿದ ಲೆಕ್ಕ ಅದು. ನನ್ನ ವಿದ್ಯಾರ್ಥಿನಿಯ ಕುಟುಂಬ ಅಂಥ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬಾಡಿಗೆ ಮನೆಯ ಕುಟುಂಬ ಇಲ್ಲಿ ಇಡಿಯಾಗಿ ಬೀದಿಗೆ ಬೀಳುವುದು ಕಡಿಮೆ, ತುಂಡು ತುಂಡಾಗಿ ಬೀಳುತ್ತದೆ. ಒಬ್ಬರು ಸೈಟಿನಲ್ಲಿ, ಒಬ್ಬರು ಅಕ್ಕನ ಮನೆಯ ಪಡಸಾಲೆಯಲ್ಲಿ, ಮಕ್ಕಳು ಅಜ್ಜಿಯ ಹತ್ತಿರ. ಎಲ್ಲರ ತಲೆಯ ಮೇಲೂ ಒಂದೊಂದು ಸೂರು ಇರುತ್ತದೆ, ಮನೆ ಮಾತ್ರ ಇರುವುದಿಲ್ಲ. ಒಂದು ಕಾಯಿಲೆಯೋ ಸಾವೋ ಬಂದರೆ ಆ ಸೂರುಗಳೂ ಜಾರುತ್ತವೆ. ಆಗ ಅವರು ಫ್ಲೈಓವರ್ ಕೆಳಗೆ ಬರುತ್ತಾರೆ, ನಮ್ಮ ಕಣ್ಣಿಗೆ ಬೀಳುತ್ತಾರೆ.

ಡಿಪಾಜಿಟ್ಟಿನ ಕಪಟವೂ ಇಲ್ಲೇ ಇದೆ. ಡಿಪಾಜಿಟ್ ಇರುವವರೆಗೆ ಮಾಲೀಕರು ತಾಳ್ಮೆಯಿಂದ ಇರುತ್ತಾರೆ, ನೆರೆಯವರಿಗೆ ಸುಳಿವು ಸಿಗುವುದಿಲ್ಲ, ಬಾಡಿಗೆದಾರರಿಗೂ ಇನ್ನೂ ಸಮಯವಿದೆ ಅನಿಸುತ್ತದೆ. ಜಗಳ ಶುರುವಾಗುವುದು ಅದು ಮುಗಿದ ಮೇಲೆ. ನಾವು ಸಹಾಯಕ್ಕೆ ಓಡಿಬರುವುದೂ ಆಗಲೇ. ಆ ಹೊತ್ತಿಗೆ ಸಾಲದ ಬಡ್ಡಿ ಬೆಳೆದಿರುತ್ತದೆ, ಮಾಲೀಕರು ಬೇರೆಯವರಿಗೆ ಮಾತು ಕೊಟ್ಟಿರುತ್ತಾರೆ. ಸಹಾಯ ಬೇಕಿರುವುದು ಡಿಪಾಜಿಟ್ ಕರಗುತ್ತಿರುವ ನಾಲ್ಕು ತಿಂಗಳಲ್ಲಿ, ಅದರಲ್ಲೂ ಮೊದಲ ಎರಡರಲ್ಲಿ. ಇವತ್ತು ನಾನು ಇಲ್ಲಿಗೆ ಬಂದಿರುವುದು ಈ ಒಂದು ಮಾತು ಹೇಳುವುದಕ್ಕೆ.

ಮಾಲಕಿಯ ಬಗ್ಗೆ ಒಂದು ಮಾತು. ಆಕೆ ಬಟ್ಟೆ ಗಿರಣಿಯ ಕೆಲಸಗಾರನೊಬ್ಬನ ವಿಧವೆ, ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಒಂದರ ಮೇಲೊಂದು ಎರಡು ಖೋಲಿ. ಕೆಳಗೆ ತಾನು, ಕಬ್ಬಿಣದ ಏಣಿ ಹತ್ತಿ ಹೋಗುವ ಮೇಲಿನದು ಬಾಡಿಗೆಗೆ. ಆ 4,000ದಲ್ಲಿ ಆಕೆಯ ಸಕ್ಕರೆ ಕಾಯಿಲೆಯ ಔಷಧ, ವಿದ್ಯುತ್ ಬಿಲ್ಲು, ಸಂತೆ ಎಲ್ಲ ನಡೆಯಬೇಕು. ಹುಡುಗಿಯ ತಾಯಿ ಆಕೆಯನ್ನು ಒಮ್ಮೆಯೂ ಬೈಯಲಿಲ್ಲ. ಬಾಡಿಗೆ ತುಂಬುವ ನಿಧಿ ಒಂದಿದ್ದರೆ ಆ ಇಬ್ಬರು ಹೆಂಗಸರೂ ಉಳಿಯುತ್ತಿದ್ದರು.

ಮಾವಶಿಯ ಗಂಡ 1982ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವನು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತರು. ಒಡವೆ ಮಾರಿದರು, ಊರಿಗೆ ಹೋಗಿ ಬಂದರು. ಆದರೆ ಮುಂಬೈಯ ಗಿರಣಿ ಕೇರಿಗಳಾದ ಪರಳ, ಲಾಲ್‌ಬಾಗಿನ ಚಾಳುಗಳಲ್ಲಿ (ಸಾಲು ಖೋಲಿಗಳ ಕಟ್ಟಡಗಳಲ್ಲಿ) ಬಹಳಷ್ಟು ಮನೆಗಳು ಖೋಲಿ ಬಿಡದೆ ನಿಂತವು. 1947ರ ಮುಂಬೈ ಬಾಡಿಗೆ ಕಾಯಿದೆ ಹಳೆಯ ಚಾಳುಗಳ ಬಾಡಿಗೆಯನ್ನು ಹಳೆಯ ದರದಲ್ಲೇ ಕಟ್ಟಿಹಾಕಿತ್ತು, ಕೆಲವೇ ರೂಪಾಯಿಯ ಬಾಡಿಗೆಗೆ ಮನೆ ಹೋಗುವ ಭಯ ಇರಲಿಲ್ಲ. ಆ ಕಾಯಿದೆಯಿಂದ ರಿಪೇರಿ ಕಾಣದೆ ಕಟ್ಟಡಗಳು ಕುಸಿದವು ಎನ್ನುವುದೂ ನಿಜ, ಅದು ಬೇರೆಯೇ ಉಪನ್ಯಾಸ. ಇವತ್ತು ಊರಿನಿಂದ ಬಂದವನಿಗೆ ಅಂಥ ಖೋಲಿ ಸಿಗುವುದಿಲ್ಲ. ಅವನಿಗಿರುವುದು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಗೊತ್ತಾದ ಅವಧಿಗೆ ಇರಲು ಅನುಮತಿ ಮಾತ್ರ ಕೊಡುವ ಕರಾರು; ಹಲವರಿಗೆ ಅದೂ ಇಲ್ಲ.

ಕಾನೂನಿನ ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನ ಪ್ರಕಾರ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು, ಆ ಹೊಣೆ ಮಾಲೀಕರದು. ಹನ್ನೊಂದೇ ತಿಂಗಳಾದರೆ ನೋಂದಣಿ ಬೇಡ ಎಂದು ಊರೆಲ್ಲ ನಂಬಿದೆ, ಅದು ತಪ್ಪು. ನೋಂದಾಯಿತ ಕರಾರು ಇಲ್ಲದಿದ್ದರೆ, ಬೇರೆ ಸಾಕ್ಷ್ಯ ಬರುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಇನ್ನೊಂದು, 24ನೆಯ ಕಲಮು. ಲೀವ್ ಅಂಡ್ ಲೈಸೆನ್ಸ್ ಅವಧಿ ಮುಗಿದ ಮೇಲೂ ಜಾಗ ಬಿಡದಿದ್ದರೆ ಕರಾರಿನ ಹಣದ ಎರಡು ಪಟ್ಟು ತೆರಬೇಕಾಗುತ್ತದೆ. ಬಡವರು ಇವೆರಡರಲ್ಲಿ ಎರಡನೆಯದನ್ನು ಮಾತ್ರ ಕೇಳಿರುತ್ತಾರೆ, ಏಕೆಂದರೆ ಅದನ್ನು ಹೇಳಿ ಹೆದರಿಸುವವರು ಇರುತ್ತಾರೆ.

ಸಕಾಲಕ್ಕೆ ಬಾಡಿಗೆ ತುಂಬಿದರೆ ಮನೆ ಉಳಿಯುತ್ತದೆಯೇ, ಅಥವಾ ಇದು ನನ್ನಂಥವಳ ಮರುಕದ ಮಾತೇ? ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಶಿಕಾಗೋದಲ್ಲಿ ಬಾಡಿಗೆ ಕಟ್ಟಲಾಗದವರು ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ಒಂದು ಬಾರಿಯ ಸಹಾಯ ಕೇಳುವ ಏರ್ಪಾಡಿತ್ತು. ನಿಧಿಯಲ್ಲಿ ಕೆಲವು ದಿನ ಹಣ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಯಾವ ದಿನ ಇರುತ್ತದೆ ಎಂದು ಕರೆ ಮಾಡುವವರಿಗೆ ಗೊತ್ತಿರಲಿಲ್ಲ. ಹಾಗಾಗಿ ಒಂದೇ ತೆರನ ಕಷ್ಟದಲ್ಲಿದ್ದ ಎರಡು ಗುಂಪುಗಳು ತಾವಾಗಿಯೇ ಸಿಕ್ಕವು. 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಹಣ ಇದ್ದ ದಿನ ಕರೆ ಮಾಡಿದವರು ಮುಂದಿನ ಆರು ತಿಂಗಳಲ್ಲಿ ನಿರಾಶ್ರಿತರ ಕೇಂದ್ರ ಸೇರುವ ಸಾಧ್ಯತೆ ಶೇ. 76ರಷ್ಟು ಕಡಿಮೆ. ಅದೇ ಕಷ್ಟ, ಅದೇ ಊರು, ಅದೇ ಫೋನ್ ನಂಬರು. ಕರೆ ಮಾಡಿದ ದಿನವೊಂದೇ ಬೇರೆ.

ಕೋವಿಡ್ ಬಂದಾಗ ಅದೇ ದೇಶ ತುರ್ತು ಬಾಡಿಗೆ ಸಹಾಯಕ್ಕೆ ಎರಡು ಕಂತಿನಲ್ಲಿ 46 ಬಿಲಿಯನ್ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಮೊದಲ ಕಂತು 2020ರ ಡಿಸೆಂಬರಿನ ಕಾಯಿದೆಯದು, ಎರಡನೆಯದು 2021ರ ಮಾರ್ಚಿಯದು. 2021ರ ಜುಲೈ ಕೊನೆಯವರೆಗೆ ಮನೆಗಳಿಗೆ ತಲುಪಿದ್ದು ಸುಮಾರು 5 ಬಿಲಿಯನ್ ಮಾತ್ರ. ಮರು ತಿಂಗಳೇ, ಬಾಡಿಗೆದಾರರನ್ನು ಹೊರಹಾಕದಂತೆ ಇದ್ದ ತಡೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಹಣ ಖಜಾನೆಯಲ್ಲಿದೆ, ಬಾಡಿಗೆ ಬಾಕಿ ಬೆಳೆಯುತ್ತಿದೆ, ನಡುವೆ ಕಾಗದಪತ್ರಗಳ ರಾಶಿ: ಆದಾಯದ ದಾಖಲೆ, ಕರಾರಿನ ಪ್ರತಿ, ಮಾಲೀಕರ ಸಹಿ. ಕೊನೆಗೆ ಬಾಡಿಗೆದಾರ ತಾನೇ ಬರೆದುಕೊಟ್ಟ ಹೇಳಿಕೆಯನ್ನು ಒಪ್ಪಬಹುದು ಎಂದು ಅಲ್ಲಿನ ಹಣಕಾಸು ಇಲಾಖೆ ಒತ್ತಿ ಹೇಳಬೇಕಾಯಿತು. ಆಮೇಲೆ ಹಣ ಹರಿಯುವ ವೇಗ ಹೆಚ್ಚಿತು. ಈ ಕಥೆಯನ್ನು ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ಕಿವಿಗೊಟ್ಟು ಕೇಳಬೇಕು. ಮೂರು ಸಭೆ ಕರೆದು, ಐದು ಸಹಿ ಮಾಡಿಸಿ ಕೊಟ್ಟ ಬಾಡಿಗೆ ಸಹಾಯ ಖಾಲಿಯಾದ ಖೋಲಿಗೆ ಹೋಗಿ ಮುಟ್ಟುತ್ತದೆ.

ಇಂಗ್ಲೆಂಡಿನ 2017ರ ಕಾಯಿದೆಯೊಂದು ನನಗೆ ಬಹಳ ಹಿಡಿಸಿತು. 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಅಪಾಯವಿರುವವರಿಗೆ ನೆರವಾಗುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದು ಅದು ಹೇಳುತ್ತದೆ. ಬೀದಿಗೆ ಬಿದ್ದ ಮೇಲೆ ಅಲ್ಲ, ಬೀಳುವ 56 ದಿನ ಮೊದಲು! ನಮ್ಮಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ನಗರಗಳ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಬೇಕು ಎಂದಿತು. ಅದು ಬೇಕೇ ಬೇಕು. ಆದರೆ ಅದು ಬಿದ್ದವರಿಗೆ ಹಾಸಿದ ಚಾಪೆ. ಬೀಳುವವರ ಕೈ ಹಿಡಿಯುವ ಏರ್ಪಾಡು ನಮ್ಮ ಯಾವ ನಗರದಲ್ಲೂ ಬೇರೂರಿಲ್ಲ.

ಪ್ರಯತ್ನವೇ ಆಗಿಲ್ಲ ಎಂದಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು ಎಂದು ಆದೇಶಿಸಿತು. ಏಪ್ರಿಲ್ 17ರಂದು ಮಹಾರಾಷ್ಟ್ರ ಸರಕಾರ ಮೂರು ತಿಂಗಳ ಬಾಡಿಗೆ ವಸೂಲಿ ಮುಂದೂಡಿ, ಯಾರನ್ನೂ ಹೊರಹಾಕಬೇಡಿ ಎಂದು ಮಾಲೀಕರಿಗೆ ಸೂಚಿಸಿತು. ಮುಂದೂಡಿದ ಬಾಡಿಗೆ ಮನ್ನಾ ಆಗುವುದಿಲ್ಲ ತಾನೆ. ಮೂರು ತಿಂಗಳ ಬಾಕಿ ಜುಲೈಯಲ್ಲಿ ಒಟ್ಟಾಗಿ ಬಾಗಿಲು ತಟ್ಟಿತು. ಆ ಆದೇಶಗಳು ಮಾವಶಿಯಂಥವರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ, ಬರಬೇಕಾದ್ದನ್ನು ಕೇಳಬೇಡಿ ಎಂದವು ಅಷ್ಟೇ. ದೆಹಲಿಯ ಮುಖ್ಯಮಂತ್ರಿ ಮಾತ್ರ ಅದೇ ದಿನಗಳಲ್ಲಿ, ಬಡ ಬಾಡಿಗೆದಾರರ ಬಾಡಿಗೆಯನ್ನು ಸರಕಾರವೇ ಕೊಡುತ್ತದೆ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಹಣ ಬರಲಿಲ್ಲ. ಕಾರ್ಮಿಕರು ಹೈಕೋರ್ಟಿಗೆ ಹೋದರು. 2021ರ ಜುಲೈಯಲ್ಲಿ ಏಕಸದಸ್ಯ ಪೀಠ ಆ ಮಾತಿಗೆ ಸರಕಾರ ಬದ್ಧ ಎಂದು ತೀರ್ಪು ಕೊಟ್ಟಿತು, ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. ಬಾಡಿಗೆ ಕೊಡಬೇಕಾಗಿದ್ದದ್ದು 2020ರ ಏಪ್ರಿಲಿನಲ್ಲಿ.

ಸರಕಾರ ಇದನ್ನು ಯೋಜನೆಯಾಗಿ ತರಬೇಕು, ಅದಕ್ಕಾಗಿ ನಾವು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ? ಮುಂಬೈ ಈ ವಿಷಯದಲ್ಲಿ ಹಳೆಯ ವಿದ್ಯೆ ಬಲ್ಲ ನಗರ. ಧೋಬಿ ತಲಾವ್ ಕಡೆ ಹೋದರೆ ಗೋವಾದವರ 'ಕುಡ್ಡ್'ಗಳು ಇಂದಿಗೂ ಇವೆ. ಒಂದೊಂದು ಹಳ್ಳಿಯವರು ಸೇರಿ ಮಾಡಿಕೊಂಡ ವಸತಿಗಳು ಅವು. ಹಡಗಿನ ಕೆಲಸಕ್ಕೆ ಕಾಯುವವನು ತನ್ನ ಹಳ್ಳಿಯ ಕುಡ್ಡ್‌ನಲ್ಲಿ ಪೆಟ್ಟಿಗೆ ಇಟ್ಟು, ಅಲ್ಪ ಹಣ ಕೊಟ್ಟು ಇರುತ್ತಿದ್ದ. ಕೆಲಸವಿಲ್ಲದ ತಿಂಗಳುಗಳಲ್ಲಿ ಅವನು ಬೀದಿಗೆ ಬೀಳದಂತೆ ಊರು ನೋಡಿಕೊಳ್ಳುತ್ತಿತ್ತು. ನಮ್ಮ ದಕ್ಷಿಣ ಕನ್ನಡ, ಉಡುಪಿಯ ಹುಡುಗರು ಹೋಟೆಲಿನಲ್ಲೇ ದುಡಿದು, ಅಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದರು. ಈ ಸಭಾಂಗಣದಲ್ಲಿಯೂ ಅಂಥ ಹಿರಿಯರು ಕೂತಿದ್ದೀರಿ. ಆ ಕಾಲದಲ್ಲಿ ಕೆಲಸದ ಜೊತೆ ಮಲಗುವ ಜಾಗವೂ ಸಿಗುತ್ತಿತ್ತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುವ ಇವತ್ತಿನ ಉತ್ತರ ಕರ್ನಾಟಕದವನಿಗೆ ಅದಿಲ್ಲ. ನಮ್ಮ ಸಂಘಗಳು ವಿದ್ಯಾರ್ಥಿ ವೇತನ ಕೊಡುತ್ತವೆ, ವೈದ್ಯಕೀಯ ಶಿಬಿರ ಮಾಡುತ್ತವೆ. ಬಾಡಿಗೆ ಎಂಬ ಪದ ಯಾವ ವಾರ್ಷಿಕ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

2015ರಲ್ಲಿ ನಾವು ಐದು ಮಂದಿ ಶಿಕ್ಷಕಿಯರು ತಿಂಗಳಿಗೆ 500 ರೂಪಾಯಿ ತೆಗೆದಿಡಲು ಶುರು ಮಾಡಿದೆವು. ಹೆಸರಿಲ್ಲ, ಫಲಕವಿಲ್ಲ. ಆಮೇಲೆ ಕೆಲವು ಗೆಳೆಯರು ಸೇರಿಕೊಂಡರು. ಇಲ್ಲಿಯವರೆಗೆ ಮೂವತ್ತರ ಹತ್ತಿರ ಕುಟುಂಬಗಳಿಗೆ ಒಂದು, ಎರಡು, ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ ಕೊಟ್ಟಿದ್ದೇವೆ. ಎಲ್ಲವೂ ನಿಲ್ಲಲಿಲ್ಲ. ಕುಡಿತ ಇದ್ದ ಒಂದು ಮನೆ ಮೂರು ತಿಂಗಳ ನಂತರ ಒಡೆದೇ ಹೋಯಿತು. ಇನ್ನೊಂದರಲ್ಲಿ ಮಾಲೀಕರು ಹಣ ತೆಗೆದುಕೊಂಡು ಮರು ತಿಂಗಳೇ ಖೋಲಿ ಖಾಲಿ ಮಾಡಿಸಿದರು. ಆ ಪೆಟ್ಟಿನಿಂದ ಕಲಿತು, ಈಗ ಹಣ ಕೊಡುವ ಮೊದಲು ಮಾಲೀಕರ ಜೊತೆ ಕೂತು ಮಾತಾಡುತ್ತೇವೆ. ಇಷ್ಟು ತಿಂಗಳು ಇವರನ್ನು ಎಬ್ಬಿಸುವುದಿಲ್ಲ ಎಂದು ಒಂದು ಚೀಟಿ ಬರೆಸಿಕೊಳ್ಳುತ್ತೇವೆ. ಹಣ ನೇರ ಅವರ ಖಾತೆಗೇ ಹೋಗುತ್ತದೆ. ಮಾಲೀಕರು ಬಹಳ ಮಟ್ಟಿಗೆ ಒಪ್ಪುತ್ತಾರೆ, ಗೊತ್ತಿರುವ ಬಾಡಿಗೆದಾರರನ್ನು ಕಳೆದುಕೊಳ್ಳುವುದು ಅವರಿಗೂ ಬೇಡ.

ಹೆಚ್ಚು ಕಷ್ಟವಾದದ್ದು ತೆಗೆದುಕೊಳ್ಳುವವರನ್ನು ಒಪ್ಪಿಸುವುದು. ಹೊಲಿಗೆ ಕೆಲಸದ ಒಬ್ಬಾಕೆ ಬಾಗಿಲ ಚೌಕಟ್ಟು ಹಿಡಿದು ನಿಂತು, "ಅಕ್ಕಾ, ಸಾಲ ಅಂದರೆ ತೆಗೆದುಕೊಳ್ಳುತ್ತೇನೆ. ಧರ್ಮ ಅಂದರೆ ಬೇಡ" ಎಂದಳು. ಸಾಲ ಎಂದರೆ ಈಗಿರುವ ಹೊರೆಯ ಮೇಲೆ ಇನ್ನೊಂದು ಹೊರೆ. ಕೊನೆಗೆ, "ನಿನ್ನ ಕೈ ನಡೆದಾಗ ಇನ್ನೊಂದು ಮನೆಯ ಬಾಡಿಗೆಗೆ ಹಾಕು, ದಿನ ಗೊತ್ತು ಮಾಡುವುದಿಲ್ಲ, ಕೇಳುವುದೂ ಇಲ್ಲ" ಎಂದೆವು. ಆಕೆ ಒಂದೂವರೆ ವರ್ಷದ ಮೇಲೆ 200, 300 ಎಂದು ತಂದುಕೊಡಲು ಶುರು ಮಾಡಿದಳು. ಕೊಡದವರೂ ಇದ್ದಾರೆ, ಅವರ ಹೆಸರನ್ನು ನಾವು ಬರೆದಿಟ್ಟುಕೊಂಡಿಲ್ಲ. ಫೋಟೊ ತೆಗೆಯುವುದಿಲ್ಲ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಯಾವ ಸಂಘ ಈ ಕೆಲಸಕ್ಕೆ ಇಳಿದರೂ ಚೆಕ್ಕು ಹಿಡಿದ ಫೋಟೊ ಬೇಡ. ಬಾಡಿಗೆ ಕಟ್ಟಲಾಗಲಿಲ್ಲ ಎಂಬ ಸುದ್ದಿ ಓಣಿಗೆ ತಿಳಿದರೆ ಆ ಮನೆಗೆ ಕಿರಾಣಿ ಅಂಗಡಿಯಲ್ಲಿ ಉದ್ದರಿಯೂ ನಿಲ್ಲುತ್ತದೆ.

ಪ್ರಶ್ನೋತ್ತರದ ವೇಳೆಯಲ್ಲಿ ಯುವಕರೊಬ್ಬರು ಕೇಳಿದರು: ಸುಳ್ಳು ಹೇಳಿ ತೆಗೆದುಕೊಳ್ಳುವವರು ಇರುವುದಿಲ್ಲವೇ? ಇರುತ್ತಾರೆ. ಅದಕ್ಕೇ ನಾವು ಕಾಗದ ಕೇಳುವ ಬದಲು ಮನೆಗೆ ಹೋಗುತ್ತೇವೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಆ ಖೋಲಿಯಲ್ಲಿ ಕೂತರೆ ಗೊತ್ತಾಗುವಷ್ಟು ಯಾವ ಆದಾಯ ಪ್ರಮಾಣಪತ್ರದಲ್ಲೂ ಗೊತ್ತಾಗುವುದಿಲ್ಲ. ಮುಂಚೆಯೇ ಸುಳಿವು ಸಿಗುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಶಿಕ್ಷಕರಿಗೆ, ಕಿರಾಣಿಯವರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಮಗು ಡಬ್ಬಿ ತರುವುದು ನಿಲ್ಲಿಸುತ್ತದೆ, ಉದ್ದರಿ ಪುಸ್ತಕದಲ್ಲಿ ಎಣ್ಣೆಯ ಅಳತೆ ಇಳಿಯುತ್ತದೆ. ಹುಡುಗಿಯೊಬ್ಬಳು ಚೀಲ ತಂದು ಇಟ್ಟುಕೊಳ್ಳಿ ಎನ್ನುತ್ತಾಳೆ.

ಆ ಹುಡುಗಿ ಏನಾದಳು ಎಂದು ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. ಮರುವರ್ಷ ಊರಿನ ಶಾಲೆಯಿಂದ ವರ್ಗಾವಣೆ ಪತ್ರ ಬೇಕೆಂದು ಫೋನ್ ಬಂತು, ಕಳುಹಿಸಿದೆ. ಏಳನೆಯ ತರಗತಿಯನ್ನು ಮತ್ತೊಮ್ಮೆ ಓದಬೇಕಾಯಿತು. ಅಷ್ಟು ಮಾತ್ರ ಗೊತ್ತಿದೆ.

ಕೊನೆಯಲ್ಲಿ ಹೋಟೆಲ್ ಉದ್ಯಮದ ಹಿರಿಯರೊಬ್ಬರು ಎದ್ದು, ಶುರು ಮಾಡಲು ಎಷ್ಟು ಹಣ ಬೇಕು ಎಂದು ಕೇಳಿದರು. ನಮ್ಮ ಓಣಿಗಳಲ್ಲಿ ಈಗ ಖೋಲಿಯ ಬಾಡಿಗೆ ಎಂಟು ಸಾವಿರದವರೆಗೆ ಇದೆ. ಎರಡು ತಿಂಗಳಿಗೆ 16,000. ಈ ಸಭಾಂಗಣದಲ್ಲಿ 160 ಕುರ್ಚಿಗಳಿವೆ, ಕುರ್ಚಿಗೆ ನೂರು ರೂಪಾಯಿಯಂತೆ ತಿಂಗಳಿಗೆ ಒಂದು ಮನೆ ಎಂದೆ. ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. "ಯಾವ ತಾರೀಖಿಗೆ ಬೇಕು, ಟೀಚರ್?" ಎಂದು ಕೇಳಿದರು.

ಬಾಡಿಗೆ ಐದರೊಳಗೆ ಕೊಡಬೇಕು. ಮೂರರೊಳಗೆ ನಮ್ಮ ಕೈಗೆ ಬಂದರೆ ಸಾಕು ಎಂದೆ.